ರೇಡಿಯೇಟರಿಗೆ ಅರಗು ಹಚ್ಚಿದ್ದು

ಆಗ ನನಗೆ ಅರವತ್ತೇಳು ವರ್ಷ. ಇದು ನಡೆದು ಎರಡು ವರ್ಷವಾಯಿತು. ಆ ವಯಸ್ಸಿಗೆ ಬರುವಷ್ಟರಲ್ಲಿ ಮನೆಯಲ್ಲಿ ನಾನು ರಿಪೇರಿ ಮಾಡದ ಸಾಮಾನು ಉಳಿದಿರಲಿಲ್ಲ. ಕುಕ್ಕರಿನ ಹಿಡಿ, ಮಂಚದ ಕಾಲು, ಮಿಕ್ಸಿಯ ಮುಚ್ಚಳ, ಯಜಮಾನರ ಕನ್ನಡಕ, ಎಲ್ಲದರ ಮೇಲೂ ನನ್ನ ಕೈ ಆಡಿತ್ತು. ಬಾಕಿ ಇದ್ದದ್ದು ಕಾರು ಒಂದೇ.

ನಮ್ಮದು ಚನ್ನಪಟ್ಟಣ. ನಾನು ಮರದ ಬೊಂಬೆಗೆ ಬಣ್ಣ ಹಾಕುವವಳು. ಮರ ಮಿಷಿನ್ನಿನಲ್ಲಿ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಕೆಲಸ ಇಷ್ಟೇ. ಮದುವೆಯಾಗಿ ಬಂದ ವರ್ಷದಿಂದ ಇದನ್ನೇ ಮಾಡಿಕೊಂಡಿದ್ದೇನೆ.

ಕಾರು ಯಜಮಾನರದು. ಬಿಳಿಯ ಚಿಕ್ಕ ಕಾರು. ಮಗ ಮಂಜ ಹೈಸ್ಕೂಲಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತಂದದ್ದು. ಈಗ ಮಂಜನ ತಲೆಯಲ್ಲೇ ಬಿಳಿ ಕೂದಲು ಬಂದಿದೆ. ಯಜಮಾನರಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾರರು. ಕಾರಿಗೆ ಮೆಟ್ಟಿಲಿಲ್ಲ. ಹಾಗಾಗಿ ದಿನಾ ಬೆಳಗ್ಗೆ ಕಾರಿನಲ್ಲಿ ಕೂತು ಎಲ್ಲಿಗಾದರೂ ಹೋಗುತ್ತಿದ್ದರು. ನಾನು ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದೆ.

ಆ ಕಾರು ದಾರಿಯಲ್ಲಿ ನಿಲ್ಲುವ ಅಭ್ಯಾಸ ಮಾಡಿಕೊಂಡಿತು. ಮಂಜ ಒಂದು ದಿನ ಖಡಾಖಂಡಿತವಾಗಿ ಹೇಳಿದ.

"ಅಪ್ಪ, ಇನ್ನೊಂದ್ ಸಲ ಎಲ್ಲಾರ ನಿಂತ್ಕತ್ತು ಅಂದ್ರೆ ಗುಜರಿಗೆ ಹಾಕ್ಬುಡ್ತೀನಿ. ತಳ್ಳಿ ತಳ್ಳಿ ನನ್ ಸೊಂಟ ಹೋಯ್ತು."

ಯಜಮಾನರು ಬಟ್ಟೆ ತಂದು ಕಾರಿನ ಗಾಜು ಒರೆಸತೊಡಗಿದರು. ಲೆಕ್ಕ ಹಾಕಿದವಳು ನಾನು. ಕಾರು ಹೋದರೆ ಈ ಮನುಷ್ಯ ಇಡೀ ದಿನ ಮನೆಯಲ್ಲಿ. ನನ್ನ ಮಿಷಿನ್ನಿನ ಪಕ್ಕದಲ್ಲೇ ಕುರ್ಚಿ. ಈ ಬೊಂಬೆಗೆ ಕೆಂಪು ಜಾಸ್ತಿ, ಆ ಬೊಂಬೆಗೆ ಹಳದಿ ಕಮ್ಮಿ. ಬೊಂಬೆಗಳ ತಲೆ ಉಳಿಯುವುದಿಲ್ಲ, ನನ್ನದೂ ಉಳಿಯುವುದಿಲ್ಲ.

ಅಷ್ಟರಲ್ಲಿ ಮರಳವಾಡಿಯಲ್ಲಿ ಯಜಮಾನರ ತಂಗಿಯ ಮನೆ ಗೃಹಪ್ರವೇಶ ಬಂತು. ಮಂಜನೂ ನಮ್ಮ ಜೊತೆ ಕಾರಿನಲ್ಲೇ ಬರುವುದೆಂದಾಯಿತು. ಇನ್ನೆರಡು ದಿನ ಇರುವಾಗ ಅಂಗಳ ಗುಡಿಸುತ್ತಿದ್ದ ನಾನು ಕಾರಿನ ಕೆಳಗೆ ನೀರು ನೋಡಿದೆ. ಬಾನೆಟ್ ಎತ್ತಿದೆ. ಮುಂದುಗಡೆ ಜಾಲರಿಯಂಥ ರೇಡಿಯೇಟರು, ಇಂಜಿನ್ನು ಕಾಯದ ಹಾಗೆ ನೀರು ತುಂಬಿಡುವುದು. ಅದರ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು.

ಮೆಕ್ಯಾನಿಕ್ಕನ್ನು ಕರೆದರೆ ಮಂಜನಿಗೆ ಗೊತ್ತಾಗುತ್ತದೆ. ಪಕ್ಕದ ಮನೆಯ ಫಾತಿಮಾಳನ್ನು ಕೇಳಿದೆ. ಅವಳ ಗಂಡ ಬಾಬು ಸಾಬರು ಬಹಳ ವರ್ಷ ಲಾರಿ ಓಡಿಸಿದವರು.

"ದಾರೀಲಿ ಹಿಂಗಾದ್ರೆ ನಮ್ಮೋರು ರೇಡಿಯೇಟ್ರಿಗೆ ಅರಿಶಿನ ಹಾಕ್ತಿದ್ರು ಕಣಕ್ಕ. ಅದು ಹೋಗಿ ತೂತಲ್ಲಿ ಕೂತ್ಕತೈತೆ. ಒಂದ್ ಚಮಚ ಹಾಕ್ನೋಡು" ಅಂದಳು.

ಲಾರಿಗೆ ಒಂದು ಚಮಚವಾದರೆ ಕಾರಿಗೆ ಇನ್ನೂ ಕಡಿಮೆ ಸಾಕು. ಆದರೆ ನಮ್ಮ ಕಾರಿನ ಸ್ಥಿತಿ ನೋಡಿ ಒಂದು ಲೋಟ ಹಾಕಿದೆ.

ಸಂಜೆಗೆ ಕಾರಿನ ಕೆಳಗೆ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರು ಬಗ್ಗಿ ನೋಡಿದರು.

"ಏನಮ್ಮಿ ಇದು, ಕಾರಿಗೆ ಕಾಮಾಲೆ ಬಂದೈತೆ?"

"ಬಂದ್ರೆ ಬರ್ಲಿ. ಮಂಜನ್ ಮುಂದೆ ಬಾಯ್ ಬುಡ್ಬೇಡಿ."

ಆಗ ನನಗೆ ಅರಗು ಹೊಳೆಯಿತು. ನೀರಿಗೆ ಅರಗು ಜಗ್ಗುವುದಿಲ್ಲ. ಮಕ್ಕಳು ಬಾಯಲ್ಲಿಟ್ಟು ಚೀಪಿದರೂ ನಮ್ಮ ಬೊಂಬೆಯ ಬಣ್ಣ ಬಿಡುವುದಿಲ್ಲ. ರೇಡಿಯೇಟರನ್ನು ಯಾರೂ ಚೀಪುವುದೂ ಇಲ್ಲ. ಮಾರನೆಯ ದಿನ ಮಂಜ ಹೊರಗೆ ಹೋದ ಮೇಲೆ ನೀರೆಲ್ಲ ಬಸಿದು, ಬಟ್ಟೆಯಲ್ಲಿ ಒರೆಸಿ, ಕೈಗೆ ಸಿಕ್ಕ ಕೆಂಪು ಕಡ್ಡಿಯನ್ನು ಮೇಣದಬತ್ತಿಯಲ್ಲಿ ಕಾಯಿಸಿ ಸೀಳಿನ ಉದ್ದಕ್ಕೂ ಮೆತ್ತಿದೆ. ಬೊಂಬೆಗೆ ಉಜ್ಜುವ ಒಣ ತಾಳೆಗರಿಯಿಂದ ಉಜ್ಜಿ ಹೊಳಪೂ ಕೊಟ್ಟೆ. ಪಕ್ಕದಲ್ಲಿ ಒಂದು ಸಣ್ಣ ಪೈಪಿತ್ತು. ಅದರ ತುದಿಯಲ್ಲೂ ಒಂದು ಹನಿ ಕಂಡಿತು. ಅದನ್ನೂ ಅರಗು ಹಾಕಿ ಮುಚ್ಚಿದೆ. ಒಳಗೆ ಕಾವು ಹೆಚ್ಚಾದಾಗ ನೀರು, ಹಬೆ ಹೊರಗೆ ಹೋಗಲೆಂದೇ ಇಟ್ಟ ಪೈಪಂತೆ ಅದು. ಕಾರು ಮಾಡಿದವರು ನನಗೆ ಹೇಳಿರಲಿಲ್ಲ.

ಯಜಮಾನರು ಬಂದು ನೋಡಿದರು. "ಅರಿಶಿನ ಆಯ್ತು, ಕುಂಕುಮನೂ ಆಯ್ತು. ಒಂದ್ ಸೀರೆ ಉಡ್ಸಿ ಮಡ್ಲು ತುಂಬ್ಬುಡು."

"ಸುಮ್ನೆ ನೀರು ಉಯ್ದು ಸ್ಟಾರ್ಟ್ ಮಾಡಿ."

ಒಂದು ಗಳಿಗೆ ಓಡಿಸಿ ನಿಲ್ಲಿಸಿದರು. ಒಂದು ಹನಿಯೂ ಬೀಳಲಿಲ್ಲ. ಈ ಮೆಕ್ಯಾನಿಕ್ಕುಗಳು ಯಾತಕ್ಕೆ ಅಷ್ಟು ದುಡ್ಡು ಕೇಳುತ್ತಾರೋ ಎಂದುಕೊಂಡೆ.

ಗೃಹಪ್ರವೇಶದ ದಿನ ಯಜಮಾನರು ಕಾರು ಓಡಿಸಿದರು, ನಾನು ಪಕ್ಕದಲ್ಲಿ, ಮಂಜ ಹಿಂದೆ. ಕನಕಪುರ ದಾಟಿತು.

"ಪರವಾಗಿಲ್ಲ ಕಣಪ್ಪ, ಇವತ್ತು ಇದ್ಕೆ ಒಳ್ಳೆ ಬುದ್ಧಿ ಬಂದಂಗೈತೆ" ಅಂದ ಮಂಜ. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ಆಮೇಲೆ ಅರಗಿನ ವಾಸನೆ ಬಂತು. ನನ್ನ ಸೀರೆಗಳಲ್ಲಿ ಯಾವಾಗಲೂ ಅದೇ ವಾಸನೆ. ಗೃಹಪ್ರವೇಶಕ್ಕೆ ಉಟ್ಟ ರೇಷ್ಮೆಗೂ ಹತ್ತಿಕೊಂಡಿತಲ್ಲ ಎಂದು ಸೆರಗನ್ನು ಮೂಸಿ ನೋಡಿದೆ. ಸೆರಗಿನಲ್ಲಿ ನುಸಿಗುಳಿಗೆಯ ವಾಸನೆ ಇತ್ತು. ಹಾಗಾದರೆ ಇದು ಎಲ್ಲಿಂದ ಎಂದು ಯೋಚಿಸುತ್ತಿರುವಾಗಲೇ ಮುಂದುಗಡೆ ಢಬ್ ಎಂದಿತು.

ಎದುರಿಗೆ ರಸ್ತೆಯೇ ಕಾಣದಷ್ಟು ಹಬೆ. ಯಜಮಾನರು ಪಕ್ಕಕ್ಕೆ ತೆಗೆದು ತಕ್ಷಣ ಇಂಜಿನ್ ಆರಿಸಿದರು. ಹಬೆ ಇಳಿದ ಮೇಲೆ ಮಂಜ ಬಾನೆಟ್ ಎತ್ತಿದ. ಒಳಗೆಲ್ಲ ಹಳದಿ ನೀರು. ಅದರ ಮೇಲೆ ಕೆಂಪು ಅರಗು ಎಳೆ ಎಳೆಯಾಗಿ ಇಳಿದು ಬಂಪರಿನಿಂದ ರಸ್ತೆಗೆ ತೊಟ್ಟಿಕ್ಕುತ್ತಿತ್ತು.

ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬಾತ ನಿಂತು ನೋಡಿದ.

"ಹೊಸ ಗಾಡಿನಾ ಅಜ್ಜಿ? ಕೋಳಿ ಕುಯ್ದ್ರಾ?"

"ಹಳೇದು ಕಣಪ್ಪ."

"ಹಳೇದ್ಕೆ ಯಾಕೆ ಇಷ್ಟೊಂದ್ ಪೂಜೆ?"

ಮಂಜ ನನ್ನ ಕಡೆ ತಿರುಗಿದ.

"ಅವ್ವ, ಇದೇನಿದು ಕೆಂಪುಗೆ?"

"ಅರಗು."

"ಅರಗು ಕಾವಿಗೆ ಕರಗಾಕಿಲ್ವಾ?"

ಅವನು ಹುಟ್ಟಿದಾಗಿನಿಂದ ಅನ್ನ ತಿಂದದ್ದೇ ಕರಗುವ ಅರಗಿನಿಂದ. ಕರಗಿಸಿ ಕರಗಿಸಿ ನನ್ನ ಬೆರಳೆಲ್ಲ ಜಡ್ಡುಗಟ್ಟಿದೆ. ಅರಗು ಬಿಸಿಗೆ ಕರಗುತ್ತದೆ ಅನ್ನುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಬೇಕಾದ ಹೊತ್ತಿಗೆ ಅದೂ ಕೈಕೊಟ್ಟಿತ್ತು.

"ಕರಗ್ತದೆ" ಅಂದೆ.

ಗೃಹಪ್ರವೇಶಕ್ಕೆ ಲಗೇಜ್ ಆಟೋದ ಹಿಂದೆ ಈರುಳ್ಳಿ ಮೂಟೆಗಳ ಮೇಲೆ ಕೂತು ಹೋದೆವು. ಯಜಮಾನರನ್ನು ಹತ್ತಿಸಲು ಮೂರು ಜನ ಬೇಕಾದರು. ಊಟ ಮುಗಿದಿರಲಿಲ್ಲ, ಅಷ್ಟು ಪುಣ್ಯ. ಕಾರನ್ನು ಹಗ್ಗದಿಂದ ಟೆಂಪೋಗೆ ಕಟ್ಟಿ ಊರಿಗೆ ಎಳೆಸಿಕೊಂಡು ಬಂದೆವು.

ಸಂಜೆ ಬಾಬು ಸಾಬರು ಬಂದು ನೋಡಿದರು.

"ಯಜಮಾನ್ರು ಬೇಗ ಆಫ್ ಮಾಡವ್ರೆ, ಇಂಜಿನ್ ಉಳ್ಕಂಡೈತೆ. ರೇಡಿಯೇಟ್ರು ಮಾತ್ರ ಮುಗೀತು. ಮೊದ್ಲೇ ಒಂದ್ ಮಾತು ಹೇಳಿದ್ರೆ ಬೆಸುಗೆ ಹಾಕುಸ್ತಿದ್ದೆ. ಈಗ ಒಳಗೆಲ್ಲ ಅರಿಶಿನ ಗಟ್ಟಿ ಕೂತೈತೆ. ಎಷ್ಟ್ ಹಾಕಿದ್ರಕ್ಕ?"

"ಒಂದ್ ಲೋಟ."

ಬಾಬು ಸಾಬರು ಹೆಂಡತಿಯ ಮುಖ ನೋಡಿದರು. ಫಾತಿಮಾ ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಮನೆಗೆ ಹೋದಳು.

"ನಾಳೆ ಮಧ್ಯಾಹ್ನ ಗುಜರಿಯವ್ನು ಬತ್ತಾನೆ" ಅಂದ ಮಂಜ. ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದ.

ಬಾಬು ಸಾಬರು ದನಿ ತಗ್ಗಿಸಿದರು. "ಇದ್ಕೆ ಹೊಸಾದು ಸಿಕ್ಕಾಕಿಲ್ಲಕ್ಕ. ಗುಜರೀಲಿ ಇಂಥದೇ ಕಾರಿಂದು ಸಿಕ್ಕುದ್ರೆ ತಂದ್ಬುಡಿ. ಮಧ್ಯಾಹ್ನದೊಳ್ಗೆ ಕೂರುಸ್ಕೊಡ್ತೀನಿ."

ನಾನು ಯೋಚನೆ ಮಾಡೋಣವೆಂದು ಮಿಷಿನ್ನಿನ ಮುಂದೆ ಕೂತೆ. ಯಜಮಾನರು ಜಗಲಿಯ ಕುರ್ಚಿ ಎತ್ತಿಕೊಂಡು ಬಂದು ಪಕ್ಕದಲ್ಲಿ ಹಾಕಿಕೊಂಡರು. ಒಂದು ಬೊಂಬೆ ಎತ್ತಿಕೊಂಡು ತಿರುಗಿಸಿ ನೋಡಿದರು.

"ಈ ಹಸಿರು ಒಸಿ ಜಾಸ್ತಿ ಆಗ್ಲಿಲ್ವಾ ಅಮ್ಮಿ?" ಅಂದರು.

ಯೋಚನೆ ಅಲ್ಲಿಗೆ ಮುಗಿಯಿತು.

ಮಾರನೆ ದಿನ ಬೆಳಗ್ಗೆ ಮೊದಲ ಬಸ್ಸಿಗೆ ಗುಜರಿಗೆ ಹೋದದ್ದು ಕಾರಲ್ಲ, ನಾನು. ರಾಮನಗರದ ಗುಜರಿಯಲ್ಲಿ ನಮ್ಮ ಕಾರಿನ ಅಕ್ಕತಂಗಿಯರು ಸಾಲಾಗಿ ಬಿದ್ದಿದ್ದರು. ಒಬ್ಬಳ ರೇಡಿಯೇಟರು ಬಿಚ್ಚಿಸಿ, ನೀರು ತುಂಬಿಸಿ ಸೋರುವುದಿಲ್ಲವೆಂದು ನೋಡಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸು ಹತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಬಂದ.

"ಏನಜ್ಜಿ ಅದು?"

"ರೇಡಿಯೇಟ್ರು."

"ಅದ್ಕೆ ಲಗೇಜ್ ಟಿಕೆಟ್ ಆಯ್ತದೆ."

"ನನಗೆ?"

"ಹೆಂಗುಸ್ರಿಗೆ ಫ್ರೀ ಅಲ್ವಾ. ನಿಮ್ಗೇನೂ ಇಲ್ಲ."

ನಮ್ಮಿಬ್ಬರಲ್ಲಿ ಬೆಲೆ ಇರುವುದು ಯಾವುದಕ್ಕೆ ಎಂದು ಅವನಿಗೆ ನೋಡಿದ ಕೂಡಲೇ ತಿಳಿದಿತ್ತು. ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟೆ.