ಎಡಗೆನ್ನೆಯ ತ್ರಿಕೋನ

ಬಣ್ಣದ ವಿಷಯದಲ್ಲಿ ನನ್ನಷ್ಟು ಧೈರ್ಯವಂತ ಇಡೀ ಭಟ್ಕಳ ತಾಲೂಕಿನಲ್ಲಿ ಇಲ್ಲವೆಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಆಕಾಶಕ್ಕೆ ಕೆಂಪು ಬಳಿದಿದ್ದೇನೆ, ಎಮ್ಮೆಗೆ ನೇರಳೆ ಬಳಿದಿದ್ದೇನೆ. ಒಮ್ಮೆ ಶಾಲೆಯ ನಾಟಕದ ಪರದೆಯ ಮೇಲೆ ಸಮುದ್ರಕ್ಕೆ ಹಳದಿ ಬಳಿದಾಗ ಹೆಡ್‌ಮಾಸ್ತರರು "ಇದೆಂತ, ತೊವ್ವೆಯಾ?" ಎಂದು ಕೇಳಿದರೂ ಜಗ್ಗಲಿಲ್ಲ. ಕಲಾವಿದನಿಗೆ ಬಣ್ಣದ ಭಯ ಇರಬಾರದು ಎಂಬುದು ಮಾವಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಡ್ರಾಯಿಂಗ್ ಮಾಸ್ತರನಾಗಿ ನಾನು ಮಕ್ಕಳಿಗೆ ಹೇಳಿಕೊಂಡು ಬಂದ ಮಾತು. ಮಕ್ಕಳು ನಂಬಿದರೋ ಇಲ್ಲವೋ ಗೊತ್ತಿಲ್ಲ, ನಾನಂತೂ ನಂಬಿದ್ದೆ. ಮೊನ್ನೆ ಅಂಗೈಯಗಲದ ಒಂದು ತ್ರಿಕೋನ ಬಂದು ಈ ನಂಬಿಕೆಯ ಬೆವರಿಳಿಸಿತು.

ಕುಮಟೆಯಲ್ಲಿ ಕರಾವಳಿಯ ಚಿತ್ರಕಾರರ ಪ್ರದರ್ಶನವೊಂದು ಏರ್ಪಾಡಾಗಿತ್ತು. ನಾನು ಯಾವಾಗಲೂ ಕಳಿಸುವುದು ಮುರ್ಡೇಶ್ವರದ ಸೂರ್ಯಾಸ್ತ. ಅದನ್ನು ಎಷ್ಟು ಸಲ ಬರೆದಿದ್ದೇನೆಂದರೆ ಈಗೀಗ ಸೂರ್ಯ ಮುಳುಗುವ ಮೊದಲು ನನ್ನ ಒಪ್ಪಿಗೆ ಕೇಳಬೇಕು. ಈ ಸಲ ಅದು ಬೇಡ, ಎಣ್ಣೆಬಣ್ಣದಲ್ಲಿ ಒಂದು ಕ್ಯೂಬಿಸಂ ಶೈಲಿಯ ಚಿತ್ರ ಬರೆದು ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದು ತೀರ್ಮಾನಿಸಿದೆ. ಕ್ಯೂಬಿಸಂ ಎಂದರೆ ಮತ್ತೇನಿಲ್ಲ, ಎದುರಿಗಿರುವವರನ್ನು ಮನಸ್ಸಿನಲ್ಲೇ ಒಡೆದು ಚೂರು ಮಾಡಿ, ಮುಂದಿನದು, ಹಿಂದಿನದು, ಪಕ್ಕದ್ದು ಎಲ್ಲವನ್ನೂ ಒಂದೇ ಕ್ಯಾನ್ವಾಸಿನ ಮೇಲೆ ಜೋಡಿಸುವುದು. ಜೋಡಿಸಲು ಬಾರದಿದ್ದರೂ ಯಾರಿಗೂ ತಿಳಿಯುವುದಿಲ್ಲ ಎಂಬುದು ಈ ಶೈಲಿಯ ದೊಡ್ಡ ಅನುಕೂಲ. ಹೀಗೆ ಒಡೆಸಿಕೊಳ್ಳಲು ಯಾರಾದರೂ ಸಿಗಬೇಕಲ್ಲ? ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತು ಊರಿನ ರವಿಕೆಗಳನ್ನೆಲ್ಲ ಹೊಲಿಯುವ ನನ್ನ ಹೆಂಡತಿ ಗಿರಿಜೆಯನ್ನು ಕೇಳಿದೆ.

"ಮೂಗು ಎಲ್ಲಿ ಬೇಕಾರೂ ಇಡಿ, ಕಿವಿ ಬೆನ್ನಿಗೇ ಹಚ್ಚಿ," ಎಂದಳು ಅವಳು, ಪೆಡಲು ನಿಲ್ಲಿಸದೆ. "ಆದ್ರೆ ಮುಖದ ಮೇಲೆ ಒಂದು ಕಡೆಗಾದ್ರೂ ನನ್ನ ಬಣ್ಣ ಹಾಕೂಕೆ ಬೇಕು. ಹಾಕ್ದೇ ಇದ್ರೆ ನಾ ಕುಮಟೆಗೆ ಬರೂದಿಲ್ಲ."

ನಾನು "ಆತು" ಎಂದುಬಿಟ್ಟೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಗಿರಿಜೆ ನನ್ನ ಚಿತ್ರ ನೋಡಲೆಂದು ಒಂದೇ ಒಂದು ಸಲವೂ ಊರು ಬಿಟ್ಟು ಹೊರಟವಳಲ್ಲ. ಈ ಸಲವಾದರೂ ಬರಲಿ, ನಾಲ್ಕು ಜನ ನನ್ನನ್ನು ಹೊಗಳುವುದನ್ನು ಅವಳು ನಿಂತು ಕೇಳಲಿ ಎಂಬ ಆಸೆ ನನಗೆ ಬಹಳವಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಗಿರಿಜೆ ಕಪ್ಪು. ನೋಡಿ, ಈ ಎರಡು ಪದ ಬರೆಯುವುದಕ್ಕೆ ಇಷ್ಟು ಪ್ಯಾರಾ ಸುತ್ತಬೇಕಾಯಿತು. ನಮ್ಮ ಮದುವೆಯ ಮಾತುಕತೆಗೆ ಮಧ್ಯಸ್ಥರು ತಂದ ಚೀಟಿಯಲ್ಲಿ 'ಗೋಧಿ ಬಣ್ಣ' ಎಂದಿತ್ತು. ನಮ್ಮ ಕಡೆ ಗೋಧಿಯ ಗದ್ದೆ ಕಂಡವರೇ ಇಲ್ಲ. ಬೆಳೆಯುವುದು ಭತ್ತ, ಶೇಂಗಾ, ಒಂದಿಷ್ಟು ಬಸಳೆ. ಆದರೂ ಭಟ್ಕಳದಿಂದ ಕುಮಟೆಯವರೆಗೆ ಮದುವೆಗೆ ನಿಂತ ಹುಡುಗಿಯರೆಲ್ಲ ಗೋಧಿಯ ಬೆಳೆಯೇ. ಹುಡುಗಿ ನೋಡಿ ಬಂದ ಮೇಲೆ ನನ್ನ ಅಮ್ಮ, "ಕಪ್ಪೇನಲ್ಲ, ಒಲೆ ಮುಂದೆ ಕೂತ್ಕಂಡಿತ್ತು, ಅದ್ಕೆ ಹಂಗೆ ಕಂಡ್ತು" ಎಂದಳು. ನಾನು ಇನ್ನೂ ಸುಸಂಸ್ಕೃತ, "ಲಕ್ಷಣವಾಗಿದ್ದಾಳೆ" ಎಂದೆ. ಈ 'ಲಕ್ಷಣ' ಎಂಬ ಪದವನ್ನು ನಮ್ಮವರು ಇಟ್ಟುಕೊಂಡಿರುವುದೇ ಕಪ್ಪು ಎನ್ನುವುದನ್ನು ತಪ್ಪಿಸಿಕೊಳ್ಳಲು.

ಚಿತ್ರವೇನೋ ಸರಾಗವಾಗಿ ಸಾಗಿತು. ಕುತ್ತಿಗೆಗೆ ಹಸಿರು ಕೊಟ್ಟೆ, ಒಂದು ಕಿವಿಗೆ ನೇರಳೆ, ಹಣೆಗೆ ಇಟ್ಟಿಗೆ ಕೆಂಪು, ಹೊಲಿಗೆ ಯಂತ್ರಕ್ಕೆ ನಿಂಬೆಹಳದಿ. ಎರಡು ಕಣ್ಣುಗಳನ್ನೂ ಮೂಗಿನ ಒಂದೇ ಬದಿಗೆ ತಂದು ಕೂರಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೂರು ವಾರಕ್ಕೆ ಎಲ್ಲ ಚೂರುಗಳೂ ತುಂಬಿದವು. ಉಳಿದದ್ದು ಕಿಟಕಿಯ ಬೆಳಕು ಬೀಳುವ ಎಡಗೆನ್ನೆಯ ತ್ರಿಕೋನ ಮಾತ್ರ. ಅವಳ ಬಣ್ಣಕ್ಕೆಂದು ಬಿಟ್ಟಿದ್ದ ಜಾಗ ಅದು. ಕುಂಚ ಅಲ್ಲಿಗೆ ಹೋಗುತ್ತದೆ, ನಿಲ್ಲುತ್ತದೆ, ವಾಪಸು ಬಂದು ಈಗಾಗಲೇ ಹಸಿರಾಗಿರುವ ಕುತ್ತಿಗೆಗೆ ಇನ್ನಷ್ಟು ಹಸಿರು ಬಳಿಯುತ್ತದೆ.

ಆ ದಿನಗಳಲ್ಲೇ ತೆಂಗಿನಗುಂಡಿಯಿಂದ ಮೀನು ತರುವ ಮಾದೇವಿ ಬುಟ್ಟಿ ಇಳಿಸಿ ಜಗುಲಿಯಲ್ಲಿದ್ದ ಕ್ಯಾನ್ವಾಸನ್ನು ನೋಡಿದಳು. "ಎಂತ ಮಾಸ್ತರೆ, ನಂಗು ಬಿಡ್ಸಿದ್ರ್ಯಾ?" ನಂಗು ಎಂದರೆ ಚಪ್ಪಟೆ ಮೀನು, ಅದಕ್ಕೆ ಎರಡೂ ಕಣ್ಣು ಒಂದೇ ಮಗ್ಗುಲಿಗೆ. ಶತಮಾನದ ಕಲಾಕ್ರಾಂತಿಯನ್ನು ಅವಳು ದಿನಾ ತಲೆಯ ಮೇಲೆ ಹೊತ್ತು ಮಾರುತ್ತಿದ್ದಾಳೆಂದು ನನಗೆ ಆವರೆಗೆ ಹೊಳೆದಿರಲಿಲ್ಲ. "ಅಲ್ಲ, ಗಿರಿಜೆ" ಎಂದೆ. ಅವಳು ತಲೆ ಓರೆ ಮಾಡಿ ನೋಡಿದಳು. "ಹೌದೌದು, ಗಿರಿಜಕ್ಕನೇ. ಕೂತ್ಕಂಬೂದು ಅವ್ರ ಹಾಂಗೇ ಇದೆ. ಆದ್ರೆ ಗಲ್ಲಕ್ಕೆಂತಕ್ಕೆ ಸುಣ್ಣ ಬಳ್ದದ್ದು?"

ಕುಮಟೆಗೆ ಹೋಗಿ ಅಂಗಡಿಯಲ್ಲಿ ಎಣ್ಣೆಬಣ್ಣದ ಟ್ಯೂಬು ಕೇಳಿದೆ, ಸ್ಕಿನ್ ಕಲರ್. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಯಾರ ಸ್ಕಿನ್ನು ಮಾಸ್ತರೆ?" ಎಂದರು. "ಸಾಮಾನ್ಯ ಸ್ಕಿನ್ನು" ಎಂದೆ. ಅವರು ತೆಗೆದುಕೊಟ್ಟದ್ದು ಎಳೆ ಗುಲಾಬಿ. ಇಪ್ಪತ್ತಾರು ವರ್ಷ ಕ್ಲಾಸಿನಲ್ಲಿ "ಮುಖಕ್ಕೆ ಸ್ಕಿನ್ ಕಲರ್ ತುಂಬಿ" ಎಂದು ನಾನು ತುಂಬಿಸುತ್ತ ಬಂದದ್ದೂ ಇದೇ ಗುಲಾಬಿ ಕ್ರೇಯಾನು. ಬಿಸಿಲಿನಲ್ಲಿ ಬೆಳೆದ ಮಾವಳ್ಳಿಯ ಮಕ್ಕಳು ತಮ್ಮ ಕೈಯನ್ನು ತಾವೇ ನೋಡಿಕೊಳ್ಳದೆ ಅದನ್ನು ತುಂಬಿದರು, ನಾನು ಹತ್ತಕ್ಕೆ ಒಂಬತ್ತು ಮಾರ್ಕು ಕೊಟ್ಟೆ. ಮನೆಗೆ ಬಂದು ಟ್ಯೂಬು ಹಿಂಡಿದರೆ ಕೆನ್ನೆಗೆ ಹಲ್ಲುಪುಡಿ ಮೆತ್ತಿದ ಹಾಗಾಯಿತು. ಕೆರೆದೆ. ಮಣ್ಣುಹಳದಿ ಹಾಕಿದರೆ ಕಾಮಾಲೆ. ಅದನ್ನೂ ಕೆರೆದೆ. ಕೊನೆಗೆ ನೀಲಿ ಬಳಿದು, ಇದು ಆಳದ ಬಣ್ಣ, ಅಂತರಂಗದ ಬಣ್ಣ ಎಂದು ನನಗೇ ಭಾಷಣ ಮಾಡಿಕೊಂಡೆ. ಕಪ್ಪಗಿರುವ ದೇವರುಗಳನ್ನೆಲ್ಲ ಕ್ಯಾಲೆಂಡರಿನವರು ನೀಲಿ ಮಾಡಿ ಪಾರಾಗಿಲ್ಲವೇ? ಗಿರಿಜೆ ಬಂದು ನೋಡಿ, "ಇದ್ಯಾರು?" ಎಂದು ಕೇಳಿ ಒಳಗೆ ಹೋದಳು.

ಐದು ನಿಮಿಷದಲ್ಲಿ ದಾರದ ಡಬ್ಬಿ ಹಿಡಿದು ಹೊರಗೆ ಬಂದಳು. ಅವಳ ಕಸುಬಿನಲ್ಲಿ ಒಂದು ಕ್ರಮವಿದೆ. ರವಿಕೆಗೆ ದಾರ ಹೊಂದಿಸುವಾಗ ಮನೆಯೊಳಗಿನ ಬೆಳಕನ್ನು ನಂಬುವುದಿಲ್ಲ. ಅಂಗಳಕ್ಕೆ ಹೋಗಿ, ದಾರದ ಒಂದು ಎಳೆಯನ್ನು ಬಟ್ಟೆಯ ಮೇಲೆ ಹಾಸಿ ನೋಡುತ್ತಾಳೆ. ಎಳೆ ಕಾಣದೆ ಹೋದರೆ ಅದೇ ಸರಿಯಾದ ದಾರ. ಅಂದು ಬಟ್ಟೆಯ ಬದಲು ತನ್ನ ಮುಂಗೈಯನ್ನೇ ಬಿಸಿಲಿಗೆ ಚಾಚಿ ಒಂದೊಂದೇ ಎಳೆ ಹಾಸತೊಡಗಿದಳು. ಮೂರು ಎಳೆ ಎದ್ದು ಕಂಡವು. ನಾಲ್ಕನೆಯದು ಚರ್ಮದಲ್ಲಿ ಮಾಯವಾಯಿತು.

"ಇದು," ಎಂದು ಆ ದಾರದ ಉಂಡೆಯನ್ನು ನನ್ನ ಕೈಗಿಟ್ಟಳು. "ಎಂತ ಕಷ್ಟ ಇತ್ತು ಇದ್ರಲ್ಲಿ? ನಾ ಕಪ್ಪಂತ ನನ್ಗೆ ಬೇಜಾರಿಲ್ಲ. ಬೇಜಾರು ಇರೂದು ನಿಮ್ಗೆ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಕೂತು ಗಾಢ ಕಂದು ಬಣ್ಣಕ್ಕೆ ಕಡುನೀಲಿ, ಚೂರು ಕೆಂಪು ಬೆರೆಸಿದೆ. ದಾರ ಇಟ್ಟು ನೋಡಿದೆ, ಮತ್ತೆ ಬೆರೆಸಿದೆ. ಆ ಬಣ್ಣ ಕೆನ್ನೆಗೆ ಬಿದ್ದದ್ದೇ ತಡ, ಆವರೆಗೆ ಒಂದರ ಮೇಲೊಂದು ಕೂಗಾಡುತ್ತಿದ್ದ ಹಸಿರು, ಹಳದಿ, ನೇರಳೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಸುಮ್ಮನೆ ಕೂತವು. ನನ್ನ ಜೀವಮಾನದಲ್ಲಿ ನಾನು ಬರೆದ ಒಳ್ಳೆಯ ಅಂಗೈಯಗಲ ಅದೊಂದೇ ಎಂದು ಈಗಲೂ ಹೇಳುತ್ತೇನೆ.

ಗಿರಿಜೆ ಕುಮಟೆಗೆ ಬಂದಳು. ಉದ್ಘಾಟನೆಗೆ ಬಂದ ದೊಡ್ಡ ವಿಮರ್ಶಕರು ನನ್ನ ಚಿತ್ರದ ಮುಂದೆ ನಿಂತರು. ಸುತ್ತ ಜನ ಸೇರಿದರು, ಯಾರೋ ಮೊಬೈಲಿನಲ್ಲಿ ವಿಡಿಯೋ ಹಿಡಿದರು. ವಿಮರ್ಶಕರು ಕೆನ್ನೆಯ ತ್ರಿಕೋನಕ್ಕೆ ಬೆರಳು ತೋರಿಸಿ, "ಈ ಕಪ್ಪು ನೋಡಿ! ಈ ನೆಲದ ಹೆಣ್ಣಿನ ಶತಮಾನಗಳ ದುಃಖ ಇಲ್ಲಿ ಹೆಪ್ಪುಗಟ್ಟಿದೆ. ಅಲ್ಲವೇ?" ಎಂದರು. ನನ್ನ ಚಿತ್ರದಲ್ಲಿ ಈವರೆಗೆ ಯಾರೂ ಒಂದು ವಾರವನ್ನೂ ಕಂಡವರಲ್ಲ, ಇವರು ಶತಮಾನಗಳನ್ನೇ ಕಂಡಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

"ದುಃಖ ಅಲ್ಲ ಸರ್," ಎಂದಳು ಪಕ್ಕದಲ್ಲಿದ್ದ ಗಿರಿಜೆ. "ಅದು ನನ್ನ ಗಲ್ಲ."

ವಿಮರ್ಶಕರು ಅವಳನ್ನು ನೋಡಿದರು, ಚಿತ್ರವನ್ನು ನೋಡಿದರು, ಮತ್ತೆ ಅವಳನ್ನು ನೋಡಿ ಬಹಳ ಕರುಣೆಯಿಂದ, "ಛೆ ಛೆ, ನೀವು ಅಷ್ಟೇನೂ ಕಪ್ಪಿಲ್ಲಮ್ಮ" ಎಂದರು. ಅದಕ್ಕೂ ನಾನು ತಲೆಯಾಡಿಸಿದೆ.

ವಾಪಸು ರೈಲಿನಲ್ಲಿ ಗಿರಿಜೆ ಕಿಟಕಿಯ ಪಕ್ಕ ಕೂತಳು. ರೈಲು ಹೊನ್ನಾವರ ಬಿಟ್ಟು ಶರಾವತಿಯ ಸೇತುವೆ ಹತ್ತುವಾಗ ನನ್ನ ಕಡೆ ತಿರುಗಿ, "ಎರಡು ಸಲ ತಲೆ ಆಡ್ಸಿದ್ರಲ್ಲ, ಯಾವ್ದಕ್ಕೆ ಹೌದು ಅಂದದ್ದು?" ಎಂದು ಕೇಳಿದಳು. ಸೇತುವೆಯ ಸದ್ದಿಗೆ ಕೇಳಿಸಲಿಲ್ಲ ಎಂದು ಕೈಸನ್ನೆ ಮಾಡಿದೆ. ಅವಳು ಕಾದಳು. ಹೊಳೆ ದಾಟಿ ಸದ್ದು ನಿಂತಿತು, ಅವಳು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು. ಅಲ್ಲಿಂದ ನಾವು ಇಳಿಯುವ ಮುರ್ಡೇಶ್ವರದವರೆಗೆ ಅಷ್ಟು ಉದ್ದದ ಸೇತುವೆ ಇನ್ನೊಂದಿಲ್ಲ.