ನಲವತ್ನಾಲ್ಕನೆಯ ತಪ್ಪು

ಮೇಷ್ಟ್ರು: ಸ್ವಾಮಿ, ಇನ್ನೊಂದು ಸಲ ಹೇಳ್ತೀನಿ. ನಾನು ಕಳಿಸಿದ ಲೆಕ್ಕದಲ್ಲಿ ತ್ರಿಕೋನವೇ ಇಲ್ಲ.

ಗುಮಾಸ್ತರು: ಇರುತ್ತೆ. ಸರಿಯಾಗಿ ನೋಡಿ.

ಮೇಷ್ಟ್ರು: ಬರೆದವನು ನಾನು.

ಗುಮಾಸ್ತರು: ಬರೆದವರಿಗೇ ಕಾಣಲ್ಲ ಮೇಷ್ಟ್ರೇ, ಅದಕ್ಕೇ ಸಮಿತಿ ಅಂತ ಇರೋದು. ಪತ್ರದಲ್ಲಿ ಸ್ಪಷ್ಟವಾಗಿದೆಯಲ್ಲ. 'ನಿಮ್ಮ ತ್ರಿಕೋನದ ಬಾಹುಗಳು ಮೂರು, ನಾಲ್ಕು ಮತ್ತು ಎಂಟು. ಇಂಥ ತ್ರಿಕೋನ ಇರಲಾರದು. ಸಮಸ್ಯೆಯನ್ನು ತಿರಸ್ಕರಿಸಲಾಗಿದೆ.'

ಮೇಷ್ಟ್ರು: ಇರಲಾರದು, ಸರಿ. ಅಂಥ ತ್ರಿಕೋನ ನಾನು ಯಾಕೆ ಬರೀಲಿ? ಮೂರೂ ನಾಲ್ಕೂ ಸೇರಿದ್ರೂ ಎಂಟಾಗಲ್ಲ ಅನ್ನೋದು ನಮ್ಮ ಏಳನೇ ಕ್ಲಾಸಿನ ಕೊನೇ ಬೆಂಚಿಗೂ ಗೊತ್ತು.

ಗುಮಾಸ್ತರು: ಅವಸರದಲ್ಲಿ ಬರೆದಿರ್ತೀರಿ.

ಅದು ಮಕ್ಕಳ ಗಣಿತ ಸ್ಪರ್ಧೆ ನಡೆಸುವ ಕಚೇರಿಯ ರವಾನೆ ವಿಭಾಗ. ವಿಭಾಗ ಎಂದರೆ ಒಂದು ಮೇಜು, ಒಂದು ಫೋನು, ಒಂದು ಗೋಂದಿನ ಬಾಟಲಿ, ಮತ್ತು ಅವುಗಳ ಹಿಂದೆ ಮೂವತ್ತೊಂದು ವರ್ಷದಿಂದ ಕೂತಿರುವ ಗುಮಾಸ್ತರು. ನಾನು ಎದುರಿನ ಬೆಂಚಿನ ಮೇಲೆ ನನ್ನ ಸರದಿ ಕಾಯುತ್ತಿದ್ದೆ. ಮಗಳ ಪ್ರವೇಶಪತ್ರವನ್ನು ಅವಳ ಅಂಗಿಯ ಜೇಬಿನ ಸಮೇತ ಸೋಪು ಹಾಕಿ ಒಗೆದ ಮಹಾನುಭಾವ ನಾನು. ಅದರ ನಕಲು ಕೇಳಲು ಬಂದಿದ್ದೆ. ನನ್ನದು ಎರಡು ನಿಮಿಷದ ಕೆಲಸ. ಆದರೆ ಮೇಷ್ಟ್ರು ಏಳುವ ಲಕ್ಷಣ ಕಾಣಲಿಲ್ಲ.

ಏಳದಿರುವುದಕ್ಕೆ ಕಾರಣವಿತ್ತು. ಒಂಬತ್ತು ವರ್ಷದಿಂದ ಅವರು ವರ್ಷಕ್ಕೊಂದು ಲೆಕ್ಕ ಕಟ್ಟಿ ಈ ಕಚೇರಿಗೆ ಕಳಿಸುತ್ತಿದ್ದಾರಂತೆ. ಒಂದೂ ಪ್ರಶ್ನೆಪತ್ರಿಕೆಯ ಮುಖ ಕಂಡಿಲ್ಲ. ಕೆಲಸದಲ್ಲಿರುವ ಮೇಷ್ಟ್ರುಗಳ ಲೆಕ್ಕವನ್ನಷ್ಟೇ ಸಮಿತಿ ತೆಗೆದುಕೊಳ್ಳುತ್ತದೆ, ಇವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ತಾನು ಕಟ್ಟಿದ ಒಂದೇ ಒಂದು ಲೆಕ್ಕದ ಮುಂದೆ ಮಕ್ಕಳು ಪೆನ್ಸಿಲ್ ಕಚ್ಚಿಕೊಂಡು ಕೂರಬೇಕು, ಅಷ್ಟು ನೋಡಿ ಮನೆಗೆ ಹೋಗುತ್ತೇನೆ ಎಂದು ಅವರು ಗುಮಾಸ್ತರಿಗೆ ಹೇಳಿದ್ದನ್ನು ಕೇಳಿ ನನಗೆ ಪಾಪ ಅನ್ನಿಸಿತು. ಗುಮಾಸ್ತರಿಗೆ ಅನ್ನಿಸಲಿಲ್ಲ.

ಮೇಷ್ಟ್ರು: ಲೆಕ್ಕ ಓದ್ತೀನಿ, ಕೇಳಿ. ಆಮೇಲೆ ತ್ರಿಕೋನ ಎಲ್ಲಿದೆ ನೀವೇ ತೋರಿಸಿ.

ಗುಮಾಸ್ತರು: ಓದೋದು ಬೇಡ. ನನಗೆ ಬಾಯಿಪಾಠ ಆಗಿದೆ. 'ಒಬ್ಬ ಗುಮಾಸ್ತನ ಬಳಿ ಐದು ಪತ್ರಗಳೂ ವಿಳಾಸ ಬರೆದ ಐದು ಕವರುಗಳೂ ಇವೆ. ಒಂದು ಪತ್ರವೂ ತನ್ನ ಕವರಿಗೆ ಹೋಗದಂತೆ ಅವನು ಎಷ್ಟು ವಿಧದಲ್ಲಿ ಹಾಕಬಹುದು?'

ಮೇಷ್ಟ್ರು: ಅಷ್ಟೇ. ಇದರಲ್ಲಿ ತ್ರಿಕೋನ ಎಲ್ಲಿದೆ?

ಗುಮಾಸ್ತರು ಒಂದು ಖಾಲಿ ಕವರು ಎತ್ತಿಕೊಂಡು, ಅದರ ಮುಚ್ಚಳ ಬಿಡಿಸಿ ಮೇಷ್ಟ್ರ ಮೂಗಿನ ಮುಂದೆ ಹಿಡಿದರು.

ಗುಮಾಸ್ತರು: ಇದೇನು, ಚೌಕವಾ?

ಮೇಷ್ಟ್ರು ಒಂದು ಗಳಿಗೆ ಅದನ್ನು ನಿಜಕ್ಕೂ ನೋಡಿದರು.

ಮೇಷ್ಟ್ರು: ಇದರ ಬಾಹು ಮೂರು, ನಾಲ್ಕು, ಎಂಟು ಅಲ್ಲ.

ಗುಮಾಸ್ತರು: ಅದನ್ನೇ ಸಮಿತಿಯೂ ಹೇಳಿರೋದು.

ಮೇಷ್ಟ್ರು: ಬೇರೆ ಯಾರದೋ ಪತ್ರ ನನ್ನ ಕವರಿಗೆ ಬಂದಿದೆ ಅಂತ ನಿಮಗೆ ಹೊಳೆಯೋದೇ ಇಲ್ವಾ?

ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು. ಕನ್ನಡಕ ತೆಗೆದು ಒರೆಸಿದರು. ಮೂವತ್ತೊಂದು ವರ್ಷದಲ್ಲಿ ಈ ಮೇಜಿನಿಂದ ಹೊರಟ ಒಂದು ಕಾಗದವೂ ಅಡ್ಡದಾರಿ ಹಿಡಿದಿಲ್ಲ ಎಂದು ತಣ್ಣಗೆ ಹೇಳಿದರು. ಕಾರ್ಯದರ್ಶಿಯವರನ್ನೇ ಕೇಳುತ್ತೇನೆ ಎಂದು ಮೇಷ್ಟ್ರು ಎದ್ದರೆ, ಅವರು ಮಹಡಿಯ ಮೇಲೆ ಪ್ರಶ್ನೆಪತ್ರಿಕೆ ಅಂತಿಮ ಮಾಡುತ್ತಿದ್ದಾರೆ, ಐದು ಗಂಟೆವರೆಗೆ ನರಪಿಳ್ಳೆಯನ್ನೂ ಒಳಗೆ ಬಿಡುವುದಿಲ್ಲ ಎಂದರು. ಮೇಷ್ಟ್ರು ಮತ್ತೆ ಕೂತರು. ನನ್ನ ಎರಡು ನಿಮಿಷ ಇನ್ನೂ ದೂರವಾಯಿತು.

ಗುಮಾಸ್ತರು: ನಿಮ್ಮ ಲೆಕ್ಕಕ್ಕೆ ನಾನು ಷರಾ ಬರೆದಿದ್ದೀನಿ, ಗೊತ್ತಾ? ಒಳಗೆ ಬರೋ ಕಾಗದ ಓದಿ ಒಂದು ಸಾಲು ಷರಾ ಬರೆಯೋದು ನನ್ನ ಕೆಲಸ. 'ಇಂಥದ್ದು ಯಾವ ಕಚೇರಿಯಲ್ಲೂ ನಡೆಯಲು ಸಾಧ್ಯವಿಲ್ಲ' ಅಂತ ಬರೆದೆ.

ಮೇಷ್ಟ್ರು: ಇದು ಲೆಕ್ಕ ಸ್ವಾಮಿ. ಯಾರ ಮೇಲೂ ದೂರಲ್ಲ.

ಗುಮಾಸ್ತರು: ಗುಮಾಸ್ತ ಅಂತ ಯಾಕೆ ಬರೆದ್ರಿ ಹಾಗಾದ್ರೆ? ಐದಕ್ಕೆ ಐದೂ ತಪ್ಪು ಹಾಕೋಕೆ ಅವನೇನು ಕಣ್ಣಿಗೆ ಬಟ್ಟೆ ಕಟ್ಕೊಂಡು ಕೂತಿದ್ನಾ? ಒಬ್ಬ ಮೇಷ್ಟ್ರು ಐದು ಮಕ್ಕಳ ಅಂಕನೂ ಅದಲುಬದಲು ಹಾಕಿದ ಅಂತ ಬರೀಬಹುದಿತ್ತಲ್ಲ.

ಮೇಷ್ಟ್ರು: ಮೇಷ್ಟ್ರು ಅಂಥ ತಪ್ಪು ಮಾಡಲ್ಲ.

ಈ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ನಾಚಿಕೆಯಾಗಿರಬೇಕು, ಕೆಮ್ಮಿದರು. ಗುಮಾಸ್ತರು ನನ್ನ ಕಡೆ ತಿರುಗಿ, ಕೇಳಿಸಿಕೊಂಡಿರಾ ಎನ್ನುವಂತೆ ಹುಬ್ಬೇರಿಸಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಆಸಕ್ತಿಯಿಂದ ಓದತೊಡಗಿದೆ.

ಗುಮಾಸ್ತರು: ಹೋಗಲಿ, ಉತ್ತರವಾದ್ರೂ ಸರಿಯಿದೆಯಾ? ನಲವತ್ನಾಲ್ಕು ಅಂತ ಬರೆದಿದ್ದೀರಿ. ಅದೂ ತಪ್ಪು. ನಲವತ್ಮೂರು.

ಮೇಷ್ಟ್ರು: ನಲವತ್ನಾಲ್ಕು.

ಗುಮಾಸ್ತರು: ನಲವತ್ಮೂರು. ನಾನು ಕೈಯಲ್ಲಿ ಹಾಕಿ ನೋಡಿದ್ದೀನಿ.

ಮೇಷ್ಟ್ರು: ಏನನ್ನ ಹಾಕಿ ನೋಡಿದ್ರಿ?

ಗುಮಾಸ್ತರು ಮೇಜಿನ ಡ್ರಾಯರಿನಿಂದ ಒಂದು ನೋಟುಪುಸ್ತಕ ತೆಗೆದರು. ಪುಟದ ತಲೆಗೆ ಒಂದರಿಂದ ಐದರವರೆಗೆ ಕವರುಗಳ ಸಂಖ್ಯೆ, ಅದರ ಕೆಳಗೆ ಸಾಲು ಸಾಲಾಗಿ ಪತ್ರಗಳ ಸಂಖ್ಯೆ, ಪ್ರತಿ ಸಾಲಿನ ಕೊನೆಗೆ ಕೆಂಪು ಶಾಯಿಯ ಗುರುತು. ಅಕ್ಷರಗಳು ಅಚ್ಚಿನಲ್ಲಿ ಹೊಡೆದಂತಿದ್ದವು. ನಲವತ್ಮೂರು ಸಾಲು. ಮೇಷ್ಟ್ರ ಮುಖದಲ್ಲಿ ಜಗಳ ಒಂದಿಷ್ಟು ಕರಗಿತು. ತಮ್ಮ ಲೆಕ್ಕವನ್ನು ಒಬ್ಬರಾದರೂ ಕೂತು ಮಾಡಿದ್ದಾರೆ ಎಂಬ ಸಂತೋಷ ಅದು. ಒಂಬತ್ತು ವರ್ಷದಲ್ಲಿ ಅವರಿಗೆ ಸಿಕ್ಕ ಮೊದಲ ವಿದ್ಯಾರ್ಥಿ, ಕೋಪದಲ್ಲಿ ಕಲಿತವರು.

ಮೇಷ್ಟ್ರು: ಬಹಳ ಚೊಕ್ಕವಾಗಿದೆ. ಹೇಗೆ ಮಾಡಿದ್ರಿ?

ಗುಮಾಸ್ತರು: ಮೊದಲು ಕವರಿಗೆ ಹಾಕೋದು. ಐದೂ ತಪ್ಪಿದೆಯಾ ಅಂತ ನೋಡೋದು. ಆಮೇಲೆ ಬರೆಯೋದು. ಮತ್ತೆ ಎಲ್ಲ ತೆಗೆದು ಹೊಸದಾಗಿ ಹಾಕೋದು. ಊಟದ ಹೊತ್ತೆಲ್ಲ ಹೋಯ್ತು.

ಮೇಷ್ಟ್ರು: ಪತ್ರ, ಕವರು ಎಲ್ಲಿಂದ ತಂದ್ರಿ?

ಗುಮಾಸ್ತರು: ತರೋದೇನು? ಆವತ್ತಿನ ಟಪಾಲಿಗೆ ಸರಿಯಾಗಿ ಐದೇ ಪತ್ರ ಇತ್ತು. ಹೊಸ ಕವರು ಹಾಳು ಮಾಡೋದು ಯಾಕೆ ಅಂತ ಅದರಲ್ಲೇ ನೋಡಿದೆ.

ಮೇಷ್ಟ್ರು ನೋಟುಪುಸ್ತಕವನ್ನು ನಿಧಾನವಾಗಿ ಕೆಳಗಿಟ್ಟರು.

ಮೇಷ್ಟ್ರು: ನಲವತ್ಮೂರು ಬರೆದ ಮೇಲೆ ಏನು ಮಾಡಿದ್ರಿ?

ಗುಮಾಸ್ತರು: ಇನ್ನೊಂದು ಹಾಕಿ ನೋಡ್ತಿದ್ದೆ. ಅಷ್ಟರಲ್ಲಿ ಟಪಾಲು ಚೀಲದವನು ಬಂದ. ಗೋಂದು ಹಚ್ಚಿ ಕೊಟ್ಟೆ.

ಮೇಷ್ಟ್ರು: ಹಾಕಿ ನೋಡ್ತಿದ್ದ ಆ ಇನ್ನೊಂದು?

ಗುಮಾಸ್ತರು: ಅದಾ? ಅದನ್ನ ಬರೆದುಕೊಳ್ಳೋಕೆ ಆಗಲಿಲ್ಲ.

ಗುಮಾಸ್ತರು ತಾವು ಈಗಷ್ಟೇ ಹೇಳಿದ್ದನ್ನು ತಾವೇ ಕೇಳಿಸಿಕೊಳ್ಳುತ್ತಿದ್ದರು, ಅದು ಅವರ ಮುಖದಲ್ಲಿ ಗೊತ್ತಾಗುತ್ತಿತ್ತು. ಮೇಷ್ಟ್ರು ಜೇಬಿನಿಂದ ತಮ್ಮ ಕವರು ತೆಗೆದರು. ಅದರ ಮೂಲೆಯಲ್ಲಿ ಪೆನ್ಸಿಲಿನಿಂದ 'ಎರಡು' ಎಂದಿತ್ತು. ತ್ರಿಕೋನದ ಪತ್ರವನ್ನು ಮಡಿಸಿ ಬೆನ್ನು ನೋಡಿದರು. ಅಲ್ಲಿ 'ಮೂರು' ಎಂದಿತ್ತು. ಎರಡೂ ಗುಮಾಸ್ತರದೇ ಕೈಬರಹ, ಪಟ್ಟಿಗೆಂದು ಹಾಕಿಕೊಂಡ ಸಂಖ್ಯೆಗಳು.

ಗುಮಾಸ್ತರು: ಸರಿ. ಒಂದು ಪತ್ರ ತಪ್ಪಿದೆ. ಒಂದೇ. ಉಳಿದ ನಾಲ್ಕು ಸರಿಯಾಗಿ ಹೋಗಿವೆ.

ಮೇಷ್ಟ್ರು: ನಾಲ್ಕು ಸರಿಯಾಗಿ ಹೋದ್ರೆ ಐದನೇದು ತಪ್ಪಾಗೋಕೆ ಕವರೆಲ್ಲಿದೆ?

ಗುಮಾಸ್ತರು: ಹಾಗಾದ್ರೆ ಎರಡು. ನಿಮ್ಮದು, ಆ ತ್ರಿಕೋನದವರದು. ಪರಸ್ಪರ. ಅದಕ್ಕಿಂತ ಹೆಚ್ಚು ನಾನು ಒಪ್ಪಲ್ಲ.

ಮೇಷ್ಟ್ರು: ಒಪ್ಪೋದು ಬೇಡ, ಎಣಿಸಿ. ಎರಡನೇ ಕವರಿಗೆ ಎರಡನೇ ಪತ್ರ ಬರೋ ಹಾಗಿಲ್ಲ. ಉಳಿದ ನಾಲ್ಕು ಪತ್ರ ಸಮಸಮ ಬರಬೇಕು, ಯಾವುದಕ್ಕೂ ಪಕ್ಷಪಾತ ಇಲ್ಲ. ನಲವತ್ನಾಲ್ಕನ್ನ ನಾಲ್ಕಕ್ಕೆ ಹಂಚಿದ್ರೆ ಹನ್ನೊಂದು. ನಿಮ್ಮ ಪಟ್ಟಿಯಲ್ಲಿ ಎರಡನೇ ಕವರಿನ ಕೆಳಗೆ ಒಂದು, ನಾಲ್ಕು, ಐದನೇ ಪತ್ರ ಎಷ್ಟೆಷ್ಟು ಸಲ ಇದೆ ನೋಡಿ.

ಗುಮಾಸ್ತರು ಬೆರಳು ಜಾರಿಸುತ್ತ ಎಣಿಸಿದರು. ಒಂದು ಹನ್ನೊಂದು ಸಲ. ನಾಲ್ಕು ಹನ್ನೊಂದು ಸಲ. ಐದು ಹನ್ನೊಂದು ಸಲ.

ಮೇಷ್ಟ್ರು: ಮೂರು?

ಗುಮಾಸ್ತರು: ಹತ್ತು.

ಅವರು ಇನ್ನೊಮ್ಮೆ ಎಣಿಸಿದರು. ಹತ್ತೇ.

ಗುಮಾಸ್ತರು: ಹನ್ನೊಂದನೇದು ಎಲ್ಲಿ?

ಮೇಷ್ಟ್ರು: ನನ್ನ ಕೈಯಲ್ಲಿದೆ.

ಅವರು ತ್ರಿಕೋನದ ಪತ್ರವನ್ನು ಮೇಜಿನ ಮೇಲೆ ಇಟ್ಟರು. ಗುಮಾಸ್ತರು ಅದನ್ನು ಮುಟ್ಟಲಿಲ್ಲ. ನಾನು ಮಗಳ ಪ್ರವೇಶಪತ್ರ ಮರೆತು ಬೆಂಚಿನ ತುದಿಗೆ ಬಂದಿದ್ದೆ. ನನಗೆ ಶಾಲೆಯಲ್ಲಿ ಗಣಿತ ಇಷ್ಟು ರುಚಿಸಿದ್ದರೆ ಈಗ ಬಟ್ಟೆ ಒಗೆದುಕೊಂಡು ಇರುತ್ತಿರಲಿಲ್ಲ.

ಈಗ ಮೇಷ್ಟ್ರ ಪತ್ರ ಎಲ್ಲಿಗೆ ಹೋಯಿತು ಎಂದು ಹುಡುಕಬೇಕಿತ್ತು. ಅದೂ ಎಣಿಕೆಯಿಂದಲೇ ಸಿಕ್ಕಿತು. ಎರಡನೇ ಪತ್ರ ಒಂದನೇ ಕವರಿನ ಕೆಳಗೆ ಹನ್ನೊಂದು ಸಲ ಇತ್ತು, ಮೂರನೆಯದರ ಕೆಳಗೆ ಹನ್ನೊಂದು, ನಾಲ್ಕನೆಯದರ ಕೆಳಗೆ ಹನ್ನೊಂದು. ಐದನೆಯದರ ಕೆಳಗೆ ಮಾತ್ರ ಹತ್ತು. ಐದನೇ ಕವರು ಹೋಗಿದ್ದು ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮನಿಗೆ. ಗುಮಾಸ್ತರು ಫೋನು ಮಾಡಿದರು. ಆ ತಾಯಿ ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದರಂತೆ. ತಾನು ಕಳಿಸಿದ್ದು ಅವಿಭಾಜ್ಯ ಸಂಖ್ಯೆಗಳ ಲೆಕ್ಕ, ಸಮಿತಿ ಕವರಿನ ಬಗ್ಗೆ ಏನೇನೋ ಬರೆದಿದೆ, ಇದರಲ್ಲೇನೋ ಗೂಢಾರ್ಥ ಇರಬೇಕು ಎಂದು ದೊಡ್ಡ ದೊಡ್ಡವರನ್ನೆಲ್ಲ ಕೇಳಿದ್ದರಂತೆ. ಪತ್ರ ಓದಿ ಎಂದು ಗುಮಾಸ್ತರು ಬೇಡಿಕೊಂಡರು. ಅವರು ಓದಿದ ಒಂದೊಂದು ಸಾಲನ್ನೂ ಇವರು ಮೇಷ್ಟ್ರಿಗಾಗಿ ಜೋರಾಗಿ ಹೇಳುತ್ತ ಹೋದರು.

ಗುಮಾಸ್ತರು: 'ಕವರುಗಳ ಕುರಿತ ನಿಮ್ಮ ಸಮಸ್ಯೆ ಸೊಗಸಾಗಿದೆ. ಸದಸ್ಯರೆಲ್ಲರೂ ಮೆಚ್ಚಿದ್ದಾರೆ.'

ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು.

ಗುಮಾಸ್ತರು: 'ಆದರೆ'... ಆದರೆ ಅಂತಿದೆ ಮೇಷ್ಟ್ರೇ. 'ಆದರೆ ಇಂಥದ್ದು ಯಾವ ಕಚೇರಿಯಲ್ಲೂ ನಡೆಯಲು ಸಾಧ್ಯವಿಲ್ಲ ಎಂದು ನಮ್ಮ ರವಾನೆ ವಿಭಾಗದ ಅನುಭವಿ ಗುಮಾಸ್ತರು ಷರಾ ಬರೆದಿದ್ದಾರೆ. ಅವರ ಮೂವತ್ತೊಂದು ವರ್ಷದ ಸೇವೆಯನ್ನು ಗಮನಿಸಿ, ಆ ಮಾತನ್ನು ತಳ್ಳಿಹಾಕಲಾಗುತ್ತಿಲ್ಲ. ಹೀಗೆ ನಡೆದದ್ದಕ್ಕೆ ಒಂದಾದರೂ ದಾಖಲೆಯನ್ನು ಹದಿನೆಂಟನೇ ತಾರೀಖು ಸಂಜೆ ಐದರೊಳಗೆ ಒದಗಿಸಿದರೆ, ಸಮಸ್ಯೆಯನ್ನು ಪತ್ರಿಕೆಗೆ ಸೇರಿಸಲಾಗುವುದು.'

ಅವರು ಫೋನು ಇಟ್ಟರು. ಮೂವರೂ ಕ್ಯಾಲೆಂಡರು ನೋಡಿದೆವು. ನಾನು ಆಗಲೇ ಓದಿಟ್ಟುಕೊಂಡಿದ್ದೆ, ಹದಿನೆಂಟು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

ಮೇಷ್ಟ್ರು ಎದ್ದು ನಿಂತರು. ಜಗಳವಾಡುವಾಗ ಇದ್ದ ದನಿ ಈಗ ಇರಲಿಲ್ಲ.

ಮೇಷ್ಟ್ರು: ಬೇಡ ಬಿಡಿ ಸ್ವಾಮಿ. ನಿಮ್ಮ ಮೂವತ್ತೊಂದು ವರ್ಷ ಕೆಡಿಸಿ ನನ್ನ ಒಂದು ಲೆಕ್ಕ ಉಳಿಸಿಕೊಳ್ಳೋದು ಯಾಕೆ? ಮೆಚ್ಚಿದ್ದಾರೆ ಅಂತ ಕೇಳಿದೆನಲ್ಲ, ಸಾಕು. ಉಳಿದವರಿಗೆ ಫೋನು ಮಾಡಿ ಸರಿಮಾಡಿಕೊಳ್ಳಿ. ನಾನು ಯಾರಿಗೂ ಹೇಳಲ್ಲ.

ಅವರು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೂ ಹೋದರು. ಗುಮಾಸ್ತರು ತಮ್ಮ ಪಟ್ಟಿಯನ್ನೇ ನೋಡುತ್ತಿದ್ದರು, ನಲವತ್ಮೂರು ಕೆಂಪು ಗುರುತುಗಳ ಕೆಳಗೆ ಖಾಲಿ ಬಿದ್ದಿದ್ದ ಒಂದು ಸಾಲನ್ನು. ಲೆಕ್ಕ ಅರ್ಧಕ್ಕೆ ನಿಂತಿದ್ದನ್ನು ಸಹಿಸುವ ಜಾತಿಯವರಲ್ಲ ಅವರು, ಅದು ನನಗೂ ಅಷ್ಟು ಹೊತ್ತಿಗೆ ತಿಳಿದಿತ್ತು.

ಗುಮಾಸ್ತರು: ಮೇಷ್ಟ್ರೇ, ಬನ್ನಿ, ಕೂತ್ಕೊಳ್ಳಿ. ಎರಡು ಮೂರು ತಪ್ಪಿದ್ರೆ ಅಜಾಗರೂಕತೆ ಅಂತಾರೆ. ಐದಕ್ಕೆ ಐದೂ ತಪ್ಪಿದ್ರೆ ಏನಂತಾರೆ?

ಮೇಷ್ಟ್ರು: ಅಚ್ಚುಕಟ್ಟು ಅಂತಾರೆ.

ಗುಮಾಸ್ತರು ನಕ್ಕರು. ಉಳಿದ ಲೆಕ್ಕವನ್ನೂ ಮೇಷ್ಟ್ರ ಜೊತೆ ಎಣಿಸಿ, ಉಳಿದವರನ್ನೂ ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡು, ಐದೂ ಪತ್ರ ಎಲ್ಲೆಲ್ಲಿಗೆ ಹೋಯಿತೆಂದು ಖಾಲಿ ಸಾಲು ತುಂಬಿದರು. ಐದೂ ತಪ್ಪೇ. ಸಾಲಿನ ಕೊನೆಗೆ ಕೆಂಪು ಗುರುತು ಹಾಕಿದರು. ಆಮೇಲೆ ಕಚೇರಿಯ ಹಾಳೆ ತೆಗೆದು, ಅದೇ ಅಚ್ಚಿನಂಥ ಅಕ್ಷರದಲ್ಲಿ, ಈ ವಿಭಾಗದಿಂದ ಕಳಿಸಿದ ಐದು ಪತ್ರಗಳಲ್ಲಿ ಒಂದೂ ಸರಿಯಾದ ಕವರಿಗೆ ಹೋಗಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ, ಇದರ ಹೊಣೆ ಕೆಳಗೆ ಸಹಿ ಮಾಡಿದವನದು, ಹಿಂದಿನ ಷರಾ ಹಿಂತೆಗೆದುಕೊಳ್ಳಲಾಗಿದೆ, ಉತ್ತರ ನಲವತ್ನಾಲ್ಕೇ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಸಾಕ್ಷಿಗೆ ನನ್ನ ಸಹಿಯನ್ನೂ ತೆಗೆದುಕೊಂಡರು. ಮೇಷ್ಟ್ರ ಕಣ್ಣು ತುಂಬಿತ್ತು, ನನ್ನದೂ.

ಮಹಡಿಯ ಬಾಗಿಲು ತಟ್ಟಿ ಮೊಹರು ತೋರಿಸಿದರೆ ಸಾಕು, ಒಳಗೆ ಬಿಡುತ್ತಾರೆ ಎಂದು ಗುಮಾಸ್ತರು ಹೇಳಿದರು. ಮೇಷ್ಟ್ರು ಹಾಳೆಯನ್ನು ಮಡಿಸಿ, ಮೇಜಿನ ಮೇಲಿದ್ದ ಆ ಖಾಲಿ ಕವರಿಗೆ ಕೈ ಹಾಕಿದರು. ಗುಮಾಸ್ತರು ಅದನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಗುಮಾಸ್ತರು: ಕವರು ಬೇಡ ಮೇಷ್ಟ್ರೇ. ಕೈಯಲ್ಲೇ ಹಿಡ್ಕೊಂಡು ಹೋಗಿ.