ಮಾವನ ಪುಕ್ಕಟೆ ಪುಸ್ತಕಗಳು

ಇದರಲ್ಲಿ ನಡೆದದ್ದೆಷ್ಟು, ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ಮಾವ ಮನೆಗೆ ಹೊತ್ತು ತಂದ ಮೊದಲ ಪುಸ್ತಕ ಹಸುವಿನ ಜೀರ್ಣಕ್ರಿಯೆಯದು ಎಂದು ನನ್ನ ನೆನಪು. ಅಲ್ಲ, ಫ್ರೆಂಚ್ ವ್ಯಾಕರಣ ಎನ್ನುತ್ತಾರೆ ಅತ್ತೆ. ಮಾವನನ್ನು ಕೇಳಿದರೆ, "ಎರಡೂ ಒಂದೇ ಡಬ್ಬದಲ್ಲಿತ್ತು ಕಣೋ" ಎಂದು ಇಬ್ಬರನ್ನೂ ಗೆಲ್ಲಿಸಿಬಿಡುತ್ತಾರೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಪುರಾವೆಯಿಲ್ಲದೆ ನನ್ನನ್ನೂ ನಂಬುವವನಲ್ಲ. ಆದರೂ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಯಲಹಂಕದಿಂದ ಯಶವಂತಪುರದವರೆಗೆ ಜಾಲಾಡಿದರೂ ನಮ್ಮ ಮಾವನಷ್ಟು ಓದಿಯೂ ಫೇಲಾದವರು ಇನ್ನೊಬ್ಬರು ಸಿಗಲಾರರು!

ಈ ಮಾವ ನಮ್ಮಮ್ಮನ ತಮ್ಮ. ಹದಿನೆಂಟನೇ ವಯಸ್ಸಿನಲ್ಲಿ ಪಿಯುಸಿ ಗಣಿತದಲ್ಲಿ ನಪಾಸಾಗಿ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತವರು, ನಿವೃತ್ತಿಯ ದಿನವೇ ಅಲ್ಲಿಂದ ಕದಲಿದ್ದು. ಬ್ಯಾಟರಾಯನಪುರದಲ್ಲಿ ಎರಡು ಕೋಣೆಯ ಮನೆ. ಪ್ರತಿ ಜೂನ್‌ನಲ್ಲಿ ಯಲಹಂಕದ ಕಡೆಯ ಪಿಜಿಗಳು ಖಾಲಿಯಾಗುವಾಗ ವಿದ್ಯಾರ್ಥಿಗಳು ಹಾಸಿಗೆ, ಬಕೆಟ್ಟು, ಪುಸ್ತಕ ಎಲ್ಲವನ್ನೂ ಗೇಟಿನ ಬಳಿ ಬಿಟ್ಟು ಊರಿಗೆ ಹೋಗುತ್ತಾರಲ್ಲ, ಅದೇ ಹೊತ್ತಿಗೆ ಮಾವನ ಸ್ಕೂಟರು ಅಲ್ಲಿ ಪ್ರತ್ಯಕ್ಷ. ಪುಸ್ತಕವನ್ನು ಅವರು ಕೊಂಡದ್ದೇ ಇಲ್ಲ. ಜಿಪುಣತನವೇ? ನಾನೂ ಹಾಗೇ ಅಂದುಕೊಂಡಿದ್ದೆ.

"ದುಡ್ಡು ಕೊಟ್ರೆ ನಮಗೆ ಬೇಕಾದ್ದೇ ತರ್ತೀವಿ. ಬೇಕು ಅಂತ ಗೊತ್ತೇ ಇಲ್ದಿರೋದನ್ನ ಮತ್ತೆ ಯಾವಾಗ ಕಲಿಯೋದು?" ಎನ್ನುತ್ತಾರೆ ಮಾವ.

ಅವರದೊಂದು ನಿಯಮವಿದೆ. ಕೊಡುವವರು ಆ ಪುಸ್ತಕದಿಂದ ಒಂದು ಮಾತು ಹೇಳಬೇಕು. ಅದನ್ನು ಮಾವ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಇಂಜಿನಿಯರಿಂಗ್ ಮುಗಿಸಿದವನೊಬ್ಬ ದಪ್ಪ ಪುಸ್ತಕ ಚಾಚಿದ.

"ತಗೊಂಡ್ ಹೋಗಿ ಅಂಕಲ್."

"ಇದರಲ್ಲಿ ಏನಿದೆ, ಒಂದೇ ಒಂದು ಮಾತು ಹೇಳು ಮಗಾ."

ಅವನು ತಲೆ ಕೆರೆದ. ಮೇಲಿನ ಕಿಟಕಿಯತ್ತ ಕೂಗಿದ, "ಮಚ್ಚಾ, ಥರ್ಮೋಡೈನಮಿಕ್ಸ್‌ನಲ್ಲಿ ಏನಿತ್ತೋ?"

"ಇಪ್ಪತ್ತು ಮಾರ್ಕ್ಸ್ ಇತ್ತು ಮಚ್ಚಾ!"

ಮಾವ ಅದನ್ನೇ ಶ್ರದ್ಧೆಯಿಂದ ಬರೆದುಕೊಂಡರು. ನಗಬೇಡಿ. ನನ್ನ ಕ್ವಾಂಟಂ ಪುಸ್ತಕ ಕೊಟ್ಟಾಗ ನಾನು ಹೇಳಿದ್ದು ಇದಕ್ಕಿಂತ ಘನವಾಗಿತ್ತೆಂದು ನನಗೆ ಭರವಸೆಯಿಲ್ಲ.

ಬಂದ ಪುಸ್ತಕ ಬಂದ ಕ್ರಮದಲ್ಲೇ ಓದಬೇಕು, ಓದಿದ್ದನ್ನು ಪರೀಕ್ಷಿಸಬೇಕು. ಶಬ್ದದ ಕುರಿತ ಪುಸ್ತಕ ಸಿಕ್ಕ ವಾರ, ಭಾನುವಾರ ಬೆಳಿಗ್ಗೆ ಹೆಬ್ಬಾಳದ ಫ್ಲೈಓವರ್ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಟ್ರಾಫಿಕ್ ಪೊಲೀಸರೊಬ್ಬರು ಬಂದು, "ಯಾರನ್ನ ಕರೀತಿದೀರ್ರೀ?" ಎಂದು ಗದರಿದರಂತೆ.

"ಯಾರನ್ನೂ ಇಲ್ಲ ಸಾರ್. ಸದ್ದು ವಾಪಸ್ ಬರುತ್ತಾ ಅಂತ ನೋಡ್ತಿದೀನಿ."

ಪೊಲೀಸರು ಸುತ್ತ ನೋಡಿ, ತಾವೂ ಒಂದು ಚಪ್ಪಾಳೆ ತಟ್ಟಿದರಂತೆ!

ಅಟ್ಟ ತುಂಬಿತು, ಮಂಚದಡಿ ತುಂಬಿತು, ಕೆಟ್ಟ ವಾಷಿಂಗ್ ಮೆಷಿನ್ನೂ ತುಂಬಿತು. ಅತ್ತೆ ಮಲಗುವ ಜಾಗದ ಕಾಲಿನ ಕಡೆ ಅರ್ಥಶಾಸ್ತ್ರದ ಗೋಡೆ ಎದ್ದ ದಿನ ನನ್ನನ್ನು ಸಾಕ್ಷಿಯಾಗಿ ಕೂರಿಸಿಕೊಂಡು ಒಪ್ಪಂದವಾಯಿತು.

"ಇಷ್ಟೆಲ್ಲ ಓದೋದು ಆ ಗಣಿತ ಪಾಸಾಗೋಕೆ ತಾನೆ? ಪಾಸಾಗೋವರೆಗೂ ಇಟ್ಕೊಳ್ಳಿ. ಪಾಸಾದ ಮಾರನೇ ದಿನ ಒಂದು ಹಾಳೆನೂ ಇರಕೂಡದು. ನನಗೆ ಕಾಲು ಚಾಚೋಕೆ ಜಾಗ ಬೇಕು ಕಣ್ರೀ!"

ಮಾವ ಒಪ್ಪಿದರು. ಮುಕ್ತ ಶಾಲೆಯಲ್ಲಿ ಹೆಸರು ಬರೆಸಿ ಗಣಿತ ಪರೀಕ್ಷೆಗೆ ಕೂತರು. ಹೋಯಿತು. ಮರುವರ್ಷವೂ ಹೋಯಿತು. ಹೀಗೆ ನಾಲ್ಕು ಸಲ. ಪ್ರತಿ ಸಲವೂ "ಹೋಯ್ತು ಕಣೇ" ಎನ್ನುವುದು, ಅತ್ತೆ "ಇನ್ನೊಂದು ವರ್ಷ ಈ ಧೂಳು" ಎನ್ನುವುದು, ಸಂಜೆ ಇನ್ನೊಂದು ಡಬ್ಬ ಮನೆಗೆ ಬರುವುದು.

ನನ್ನ ಅನುಮಾನ ಶುರುವಾದದ್ದು ಈ ವರ್ಷ. ನನ್ನ ಮಗಳ ಕಾಲೇಜಿನ ಲೆಕ್ಕವೊಂದು ನನಗೆ ಒಂದು ಗಂಟೆ ಹೆಣಗಿದರೂ ಬಗೆಹರಿಯಲಿಲ್ಲ. ಮಾವ ಅದನ್ನು ಹಳೇ ಪೇಪರಿನ ಅಂಚಿನಲ್ಲಿ ನಾಲ್ಕೇ ಸಾಲಿನಲ್ಲಿ ಮುಗಿಸಿದರು! ಇಂಥವರು ಹನ್ನೆರಡನೇ ತರಗತಿಯಲ್ಲಿ ಫೇಲೇ? ಜೊತೆಗೆ, ಪರೀಕ್ಷೆಯ ದಿನ, ಮಾವ ಒಳಗೆ ಕೂತು ಬರೆಯುತ್ತಿರಬೇಕಾದ ಹನ್ನೊಂದು ಗಂಟೆಗೆ, ಕೊಡಿಗೇಹಳ್ಳಿ ಗೇಟಿನ ಬಳಿ ಸ್ಕೂಟರಿನಲ್ಲಿ ಡಬ್ಬ ಕಟ್ಟಿಕೊಂಡು ಹೋದವರು ಮಾವನೇ ಎಂದು ನನಗನಿಸಿತ್ತು. ಹೆಲ್ಮೆಟ್ ಇತ್ತು. ನನ್ನ ಕಣ್ಣು, ನನ್ನ ನೆನಪು, ಎರಡೂ ನಂಬಿಕಸ್ಥ ಸಾಕ್ಷಿಗಳಲ್ಲ.

ಕಳೆದ ತಿಂಗಳು ಮಾವ ಹಾಲು ತರಲು ಹೋದ ಸಮಯ ನೋಡಿ ಅತ್ತೆಗೆ ಹೇಳಿಯೇಬಿಟ್ಟೆ. "ಅತ್ತೆ, ಮಾವ ಬೇಕಂತಲೇ ಫೇಲಾಗ್ತಿದಾರೆ."

ಅತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕುವುದನ್ನು ನಿಲ್ಲಿಸಲಿಲ್ಲ. "ಫೇಲೂ ಆಗ್ತಿಲ್ಲ ಕಣೋ, ಈಗ ಪರೀಕ್ಷೆಗೇ ಹೋಗ್ತಿಲ್ಲ. ಎರಡು ವರ್ಷದ ಹಿಂದೆನೇ ಪಾಸಾಗಿದಾರೆ. ಮಾರ್ಕ್ಸ್ ಕಾರ್ಡು ಪೋಸ್ಟಲ್ಲಿ ಬಂದಾಗ ನಾನೇ ಸೈನ್ ಹಾಕಿ ತಗೊಂಡೆ. ನನ್ನ ಸೀರೆ ಮಧ್ಯೆ ಇದೆ. ಕಾರ್ಡು ನನ್ನ ಹತ್ರ ಇರೋದು ಅವರಿಗೆ ಗೊತ್ತಿಲ್ಲ."

"ಮತ್ತೆ ಒಪ್ಪಂದ?"

"ಆ ವರ್ಷ ರಿಸಲ್ಟ್ ನೋಡಿ, ಮುಖ ಸಪ್ಪಗೆ ಮಾಡ್ಕೊಂಡು ಬಂದು 'ಹೋಯ್ತು ಕಣೇ' ಅಂದ್ರು. ನಾಟಕ ಬರಲ್ಲ ಪಾಪ, ಕಣ್ಣೆಲ್ಲ ನಗ್ತಿತ್ತು. ನಲವತ್ತು ವರ್ಷದಲ್ಲಿ ಅಷ್ಟು ಖುಷಿಯಾಗಿ ನಾನು ನೋಡೇ ಇಲ್ಲ. ಪುಸ್ತಕ ಎತ್ತಿಸಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಕಾಲು ಮಡಚ್ಕೊಂಡ್ ಮಲಗಿದ್ರಾಯ್ತು."

ಅಷ್ಟರಲ್ಲಿ ಮಾವ ಬಂದರು. ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಯಾರೋ ಕೊಟ್ಟ ಜೇನು ಸಾಕಣೆಯ ಪುಸ್ತಕ.

"ಮುಂದಿನ ವರ್ಷನಾದ್ರೂ ಪಾಸಾಗ್ತೀರೇನ್ರೀ?" ಎಂದರು ಅತ್ತೆ.

"ನೋಡೋಣ ಕಣೇ. ಗಣಿತ ಕಷ್ಟ."

ನಾನು ಎದ್ದು ಬಂದೆ. ಆದರೆ ಸ್ವಭಾವ ಬಿಡಬೇಕಲ್ಲ! ಅತ್ತೆಯಿಂದ ನೋಂದಣಿ ಸಂಖ್ಯೆ ಪಡೆದು ಮೊನ್ನೆ ಮುಕ್ತ ಶಾಲೆಯ ಜಾಲತಾಣದಲ್ಲಿ ಹಾಕಿ ನೋಡಿದೆ. ಗಣಿತ: ನೂರಕ್ಕೆ ತೊಂಬತ್ತೊಂದು. ಉತ್ತೀರ್ಣ.